ಕೆಂಪು ಟೊಪ್ಪಿಯ ಗೆರೆ

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಹಾಗೆ ಹೇಳಬಲ್ಲೆ ಎಂದು ಬೇರೆ ಯಾರಿಗಲ್ಲದಿದ್ದರೂ ನನಗೆ ನಾನೇ ತೋರಿಸಿಕೊಳ್ಳಬೇಕಾಗಿದೆ. ನಡುವೆ ಎಲ್ಲಾದರೂ ದಾರಿ ತಪ್ಪಿದರೆ ಸಹಿಸಿಕೊಳ್ಳಿ, ಆದರೆ ಕನಿಕರ ಬೇಡ. ಕನಿಕರ ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತದೆ.

ನನ್ನ ಹೆಸರು ಲಿಬುಶೆ. ಹುಟ್ಟಿದ್ದು, ಓದಿದ್ದು, ಪಾಠ ಹೇಳಿದ್ದು ಎಲ್ಲ ಬ್ರನೋ ಪಟ್ಟಣದಲ್ಲೇ. ಕಂಪ್ಯೂಟರಿಗೆ ಪದಗಳ ಅರ್ಥ ಕಲಿಸುವುದು ನನ್ನ ಕಸುಬು. ಅರ್ಥ ಎಂದರೆ ನಿಘಂಟಿನಲ್ಲಿರುವ ಅರ್ಥವಲ್ಲ. ಒಂದು ಪದ ಯಾವ ಯಾವ ಪದಗಳ ಜೊತೆ ಓಡಾಡುತ್ತದೆ ಎಂದು ಕೋಟಿಗಟ್ಟಲೆ ವಾಕ್ಯಗಳಲ್ಲಿ ನೋಡಿ, ಆ ಪದಕ್ಕೆ ಕೆಲವು ನೂರು ಅಂಕಿಗಳ ಒಂದು ಸಾಲು ಕೊಡುತ್ತೇವೆ. ಆ ಸಾಲೇ ಅದರ ಮನೆ ವಿಳಾಸ. ಒಂದೇ ಸಹವಾಸದ ಪದಗಳು ಒಂದೇ ಕೇರಿಯಲ್ಲಿ ಬಿಡಾರ ಹೂಡುತ್ತವೆ. ಬಿಯರಿನ ಪಕ್ಕದ ಮನೆ ವೈನಿನದು, ಹಂದಿಮಾಂಸದ ಪಕ್ಕದ್ದು ಹುಳಿ ಎಲೆಕೋಸಿನದು. ಸಹವಾಸದಿಂದ ಸನ್ಯಾಸಿ ಕೆಟ್ಟ ಅನ್ನುತ್ತಾರಲ್ಲ, ನಮ್ಮ ಕಂಪ್ಯೂಟರು ಸನ್ಯಾಸಿ ಯಾರೆಂದು ತಿಳಿಯುವುದೂ ಸಹವಾಸ ನೋಡಿಯೇ.

ಈ ವಿಳಾಸಗಳಿಂದ ಏನು ಉಪಯೋಗ ಅಂದರೆ, ಮನುಷ್ಯನ ಮಾತನ್ನು ಅಳೆಯಬಹುದು. ಒಂದು ವಾಕ್ಯದಿಂದ ಮುಂದಿನ ವಾಕ್ಯಕ್ಕೆ ಮಾತು ಎಷ್ಟು ದೂರ ಜಿಗಿಯಿತು ಎಂದು ಲೆಕ್ಕ ಹಾಕಬಹುದು. ಮರೆವಿನ ಕಾಯಿಲೆ ಹೊರಗೆ ಕಾಣಿಸಿಕೊಳ್ಳುವ ಮೊದಲೇ ಮಾತು ಕೇರಿ ಬಿಟ್ಟು ಕೇರಿ ಅಲೆಯಲು ಶುರುಮಾಡುತ್ತದೆ. ನನ್ನ ತಾಯಿಗೆ ಆ ಕಾಯಿಲೆ ಬಂದಿತ್ತು. ಕೊನೆಕೊನೆಗೆ ನನ್ನನ್ನು ಸತ್ತುಹೋದ ತನ್ನ ತಂಗಿ ಎಂದುಕೊಂಡು, ನನ್ನ ಎದುರಿಗೇ ನನ್ನ ಮೇಲೆ ಚಾಡಿ ಹೇಳುತ್ತಿದ್ದಳು. 'ನನ್ನ ಮಗಳು ಲಿಬುಶೆ ಇದಾಳಲ್ಲ, ಅವಳು ನನ್ನ ನೋಡೋಕೇ ಬರಲ್ಲ ಕಣೆ' ಅನ್ನುತ್ತಿದ್ದಳು. ನಾನು ಅವಳಿಗೆ ಸೂಪು ಕುಡಿಸುತ್ತಾ ಹೂಂ ಅನ್ನುತ್ತಿದ್ದೆ. ಅವಳನ್ನು ಮಣ್ಣು ಮಾಡಿದ ಮೇಲೆ ಈ ಅಳತೆಯ ಕೆಲಸಕ್ಕೆ ಇಳಿದೆ. ಪಟ್ಟಣದ ಆಸ್ಪತ್ರೆಯೊಂದು ನಮ್ಮ ಜೊತೆ ಸೇರಿತು.

ಕಾಯಿಲೆಯವರ ಮಾತನ್ನು ಅಳೆಯಬೇಕಾದರೆ ಸರಿಯಿರುವವರ ಮಾತೂ ಪಕ್ಕದಲ್ಲಿ ಇರಬೇಕು. ಅದಕ್ಕೆ ನಮ್ಮಲ್ಲೊಂದು ಪದ್ಧತಿ. ಸೋಮವಾರ ಬೆಳಿಗ್ಗೆ ಕಾಫಿಗೆ ಮೊದಲು ಪ್ರಯೋಗಾಲಯದ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಚಿಕ್ಕ ಕೋಣೆಗೆ ಹೋಗಿ, ಮೈಕಿನ ಮುಂದೆ ಕೂತು, ಭಾನುವಾರ ಏನು ಮಾಡಿದೆವೆಂದು ಹೇಳಬೇಕು. ಯಾರದೂ ಹೆಸರಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಅಣಬೆಯ ಹೆಸರು. ನಮ್ಮ ಜನಕ್ಕೆ ಅಣಬೆ ಅಂದರೆ ಪ್ರಾಣ ತಾನೆ. ಯಾರು ಯಾವ ಅಣಬೆ ಎಂದು ಬಾಯಿ ಬಿಡಬಾರದು. ನಾನು ತಮಾಷೆಗೆ ಕೆಂಪು ಟೊಪ್ಪಿಯ ವಿಷದ ಅಣಬೆಯನ್ನು ಆರಿಸಿಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ನಮ್ಮೆಲ್ಲರ ಗೆರೆಗಳೂ ಆಸ್ಪತ್ರೆಯ ಕಾಯಿಲೆಯವರ ಗೆರೆಗಳೂ ಗೋಡೆಯ ಪರದೆಯ ಮೇಲೆ ಬರುತ್ತಿದ್ದವು. ಮಾತು ಒಂದಕ್ಕೊಂದು ಹೊಂದಿಕೊಂಡಿದ್ದರೆ ಗೆರೆ ಮೇಲೆ, ಚೆದುರಿದ್ದರೆ ಕೆಳಗೆ.

ವಸಂತದ ನಡುವಿನ ಹೊತ್ತಿಗೆ ಕೆಂಪು ಟೊಪ್ಪಿಯ ಗೆರೆ ಇಳಿಯತೊಡಗಿತು.

ಮೊದಲು ನಾನು ಅದಕ್ಕೆ ಸೊಪ್ಪು ಹಾಕಲಿಲ್ಲ. ಒಂದು ವಾರ ನಿದ್ದೆ ಸಾಲದೆ ಹೀಗಾಗಿರಬೇಕು ಅಂದುಕೊಂಡೆ. ಮುಂದಿನ ವಾರ ಇನ್ನೂ ಇಳಿಯಿತು. ಉಳಿದವರ ಗೆರೆಗಳೆಲ್ಲ ಮೇಲೆ ಒಂದರ ಪಕ್ಕ ಒಂದು ನೆಮ್ಮದಿಯಾಗಿ ಹೋಗುತ್ತಿದ್ದರೆ, ನನ್ನದೊಂದೇ ಗುಂಪು ಬಿಟ್ಟು ಆಸ್ಪತ್ರೆಯವರ ಗೆರೆಗಳ ಕಡೆಗೆ ವಾಲುತ್ತಿತ್ತು.

"ಈ ಕೆಂಪು ಟೊಪ್ಪಿ ಯಾರಪ್ಪಾ? ಭಾನುವಾರ ರಾತ್ರಿಯ ಮತ್ತು ಸೋಮವಾರಾನೂ ಇಳಿದಿರಲ್ಲ ಅಂತ ಕಾಣುತ್ತೆ" ಎಂದು ಒಸ್ತ್ರಾವಾ ಕಡೆಯ ಒಬ್ಬ ನಗೆಯಾಡಿದ.

"ಒಸ್ತ್ರಾವಾದೋರೇ ಇರಬೇಕು, ಇನ್ಯಾರು ಅಷ್ಟು ಕುಡೀತಾರೆ" ಎಂದೆ ನಾನು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಲ್ಲ ನಾನು. ನಗದೆ ಇದ್ದವನು ರಾದೊವಾನ್ ಒಬ್ಬನೇ. ಅವನು ಸ್ಲೊವಾಕಿಯಾದವನು. ವಿದ್ಯಾರ್ಥಿಯಾಗಿ ಬಂದು, ನನ್ನ ಕೈಕೆಳಗೇ ಡಾಕ್ಟರೇಟು ಮಾಡಿ, ಈಗ ಪದಗಳ ವಿಳಾಸವೆಲ್ಲ ಇರುವ ಪ್ರಯೋಗಾಲಯದ ಅಂಕಿಗಳ ಕೋಶವನ್ನು ನೋಡಿಕೊಳ್ಳುವವನು. ಮದುವೆಯಾಗಿ ಎರಡು ಮಕ್ಕಳ ತಂದೆಯಾದರೂ ನನ್ನ ಮುಂದೆ ಇನ್ನೂ ಕೈಕಟ್ಟಿ ನಿಲ್ಲುತ್ತಾನೆ. ಅವನು ಪರದೆಯನ್ನೂ ನೋಡದೆ, ನನ್ನನ್ನೂ ನೋಡದೆ ಕಾಫಿ ಕಲಕುತ್ತಿದ್ದ.

ಹೆದರಿಕೆ ಒಮ್ಮೆ ಒಳಗೆ ಹೊಕ್ಕಿತೆಂದರೆ ಕಂಡದ್ದೆಲ್ಲ ದೆವ್ವ. ಒಂದು ದಿನ ಕೆಲಸದಲ್ಲಿ ಮುಳುಗಿದ್ದೆ. ಪೆತ್ರೋವ್ ಗುಡ್ಡದ ಚರ್ಚಿನಲ್ಲಿ ಮಧ್ಯಾಹ್ನದ ಗಂಟೆ ಹೊಡೆಯಿತು. ಎದ್ದು ಕೋಟು ಹಾಕಿಕೊಂಡು ಊಟಕ್ಕೆ ಹೊರಟೆ. ಪಕ್ಕದ ಮೇಜಿನವರು ಕತ್ತೆತ್ತಿ ನೋಡಿದರು. ಆ ಚರ್ಚಿನಲ್ಲಿ ಹನ್ನೊಂದಕ್ಕೇ ಹನ್ನೆರಡು ಹೊಡೆಯುತ್ತಾರೆ, ಶತಮಾನಗಳಿಂದ ಹಾಗೇ. ಮೋಸ ಹೋಗುವವರು ಹೊರಗಿನವರು ಮಾತ್ರ. ಬ್ರನೋದಲ್ಲಿ ಹುಟ್ಟಿದ ಮಗು ಕೂಡ ಆ ಗಂಟೆ ಕೇಳಿ ತಟ್ಟೆ ಮುಂದೆ ಕೂರುವುದಿಲ್ಲ.

"ಏನು ಪ್ರೊಫೆಸರಮ್ಮ, ಪ್ರಾಗಿನೋರು ಆಗಿಬಿಟ್ರಾ?" ಎಂದು ಯಾರೋ ಅಂದರು.

"ಹಸಿವಿಗೆ ಗಡಿಯಾರ ಗೊತ್ತಾಗುತ್ತೇನ್ರೀ? ನಿಮ್ಮ ಕೆಲಸ ನೋಡಿ" ಎಂದು ಗದರಿ ಹೊರಗೆ ಬಂದೆ. ಊಟದ ಮನೆ ಇನ್ನೂ ತೆರೆದಿರಲಿಲ್ಲ. ಅದರ ಬಾಗಿಲ ಮುಂದೆ ಬಿಸಿಲಿನಲ್ಲಿ ನಿಂತಾಗ ನನಗೆ ನಿಜವಾಗಿ ಭಯವಾಯಿತು. ಅಮ್ಮನಿಗೂ ಮೊದಲು ಹೋದದ್ದು ಹೊತ್ತಿನ ಪರಿವೆಯೇ.

ಮನೆಯಲ್ಲಿ ಓಲ್ದಾನಿಗೆ ಹೇಳಲಿಲ್ಲ. ಓಲ್ದಾ ನನ್ನ ಗಂಡ. ನಿವೃತ್ತನಾಗುವವರೆಗೆ ಈ ಊರಿನ ಟ್ರಾಮು ಓಡಿಸಿದವನು. ಟ್ರಾಮನ್ನು ಅವನು ಟ್ರಾಮು ಅನ್ನುವುದಿಲ್ಲ, ಬ್ರನೋದವರ ಬಾಯಲ್ಲಿ ಅದು 'ಶಲಿನಾ'. ಬಿಯರು 'ಶ್ಕೋಪೆಕ್', ಊರಾಚೆಯ ಜಲಾಶಯ 'ಪ್ರೀಗಲ್'. ಬೇರೆ ಊರಿನವರಿಗೆ ಈ ಮಾತು ಅರ್ಥವೇ ಆಗುವುದಿಲ್ಲ, ನಮಗೆ ಬೇರೆ ಮಾತು ರುಚಿಸುವುದಿಲ್ಲ. ನಾನೂ ಅವನೂ ಕೂತರೆ ಮನೆಯಲ್ಲಿ ಅದೇ ಭಾಷೆ.

ಆ ದಿನ ಸಂಜೆ ನಾನು ಮಾಡಿದ ಆಲೂಗಡ್ಡೆ ಸೂಪನ್ನು ಬಾಯಿಗಿಟ್ಟು ಅವನು ಮುಖ ಕಿವುಚಿದ.

"ಲೋಕದ ಮಾತನ್ನೆಲ್ಲ ಅಳೆಯೋಳು ನೀನು, ಉಪ್ಪು ಅಳೆಯೋದು ಮರೆತೆಯಾ? ಎರಡು ಸಲ ಹಾಕಿದೀಯ ನೋಡು."

ಬೇರೆ ದಿನವಾಗಿದ್ದರೆ 'ತಿನ್ನೋದಾದ್ರೆ ತಿನ್ನು, ಇಲ್ಲದಿದ್ದರೆ ಎದ್ದು ನೀನೇ ಮಾಡ್ಕೋ' ಅನ್ನುತ್ತಿದ್ದೆ. ಆ ದಿನ ಸಿಂಕಿನ ಮುಂದೆ ಬೆನ್ನು ತಿರುಗಿಸಿ ನಿಂತೆ.

"ಏ ಲಿಬಾ, ತಮಾಷೆಗಂದೆ. ನೀರು ಬೆರೆಸಿದರೆ ಸರಿಹೋಗುತ್ತೆ" ಎಂದ ಅವನು. ನಾನು ಜಗಳ ಆಡದಿದ್ದುದು ಅವನಿಗೆ ಉಪ್ಪಿಗಿಂತ ಹೆಚ್ಚಾಗಿ ತಟ್ಟಿತೆಂದು ಅವನ ದನಿಯಲ್ಲೇ ಗೊತ್ತಾಯಿತು.

ಹೇಳಿಬಿಡಬಹುದಿತ್ತು. ಆದರೆ ಅಮ್ಮನ ಕೊನೆಯ ವರ್ಷಗಳಲ್ಲಿ ಅವಳನ್ನು ಎತ್ತಿ ಕೂರಿಸಿ, ಸ್ನಾನ ಮಾಡಿಸಿ, ಬೈಸಿಕೊಂಡವನು ಈ ಓಲ್ದಾನೇ. ಅದನ್ನೇ ಇನ್ನೊಮ್ಮೆ ಅವನ ತಲೆಗೆ ಕಟ್ಟಲು ಮನಸ್ಸು ಬರಲಿಲ್ಲ. ನನಗೆ ಸಾವಿನ ಹೆದರಿಕೆಯಿಲ್ಲ. ಓಲ್ದಾನನ್ನು ನೋಡಿ ಯಾರು ನೀನು ಎಂದು ಕೇಳುವ ದಿನದ ಹೆದರಿಕೆ.

ಮುಂದಿನ ಸೋಮವಾರ ಒಂದು ಉಪಾಯ ಮಾಡಿದೆ. ಮೈಕಿನ ಮುಂದೆ ಮನೆಯ ಮಾತು ಬಿಟ್ಟು ಆಕಾಶವಾಣಿಯವರ ಹಾಗೆ ಮಾತಾಡಿದೆ. ವಾಕ್ಯ ತೂಗಿ, ಪದ ಆರಿಸಿ, ಎಲ್ಲೂ ಎಡವದಂತೆ ಹೇಳಿದೆ. ಗೆರೆ ಮೇಲಕ್ಕೆದ್ದಿತು. ಆದರೆ ಸಮಾಧಾನ ಎಲ್ಲಿಂದ ಬರಬೇಕು? ಗೋಡೆ ಹಿಡಿದುಕೊಂಡು ನಡೆಯುವವನು ಬೀಳದಿದ್ದರೆ ಕಾಲು ಗಟ್ಟಿಯಿದೆ ಎಂದೇನೂ ಅರ್ಥವಲ್ಲವಲ್ಲ. ಅಮ್ಮನೂ ಡಾಕ್ಟರ ಮುಂದೆ ಮೈಯೆಲ್ಲ ಬಿಗಿ ಮಾಡಿಕೊಂಡು ಸರಿಯಾಗಿಯೇ ಉತ್ತರ ಕೊಡುತ್ತಿದ್ದಳು.

ಆಮೇಲಿನ ಸೋಮವಾರ ಬಿಗಿಹಿಡಿಯಲು ತ್ರಾಣವಿರಲಿಲ್ಲ. ಎಂದಿನಂತೆ ಆಡಿದೆ. ಗೆರೆ ಮೊದಲಿಗಿಂತ ಆಳಕ್ಕೆ ಬಿತ್ತು.

ಮಂಗಳವಾರ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಕೂತೆ. ಹೆದರಿ ಸಾಯುವ ಬದಲು ನೋಡಿಯೇ ಸಾಯೋಣ ಅನ್ನಿಸಿತ್ತು. ಒಂದೇ ಭಾನುವಾರದ ಕತೆಯನ್ನು ಎರಡು ಬಗೆಯಲ್ಲಿ ಬರೆದೆ. ಶಲಿನಾ ಹತ್ತಿ ಪ್ರೀಗಲ್‌ಗೆ ಹೋದದ್ದು, ದಂಡೆಯಲ್ಲಿ ಕೂತು ಶ್ಕೋಪೆಕ್ ಕುಡಿದದ್ದು, ಓಲ್ದಾ ಟೊಪ್ಪಿಯನ್ನು ನೀರಿಗೆ ಬೀಳಿಸಿದ್ದು. ಒಮ್ಮೆ ನಮ್ಮೂರ ಪದಗಳಲ್ಲಿ, ಇನ್ನೊಮ್ಮೆ ಅದೇ ವಾಕ್ಯಗಳು ಪತ್ರಿಕೆಯ ಪದಗಳಲ್ಲಿ. ಎರಡನ್ನೂ ಯಂತ್ರಕ್ಕೆ ಕೊಟ್ಟೆ. ಪತ್ರಿಕೆಯದು ಮೇಲೆ ನಿಂತಿತು. ನಮ್ಮೂರದು ಪಾತಾಳ ಸೇರಿತು.

ಕೂತಲ್ಲೇ ನೆಟ್ಟಗಾದೆ. ಇದು ತಲೆಯ ತಪ್ಪಲ್ಲ, ಪದಗಳ ತಪ್ಪು. ಶಲಿನಾದ ಅಂಕಿಗಳ ಸಾಲನ್ನು ತೆಗೆದು, ಅದರ ಅಕ್ಕಪಕ್ಕದ ಮನೆ ಯಾರದೆಂದು ಕೇಳಿದೆ. ಟ್ರಾಮು, ಬಸ್ಸು, ಹಳಿ, ಟಿಕೇಟು ಬರಬೇಕಾಗಿತ್ತು. ಬಂದದ್ದು ಬಿಷಪ್ಪು, ವಿನೆಗರು, ಹಲ್ಲುನೋವು, ಮೇಕೆ. ಪ್ರೀಗಲ್‌ನ ನೆರೆಯಲ್ಲಿ ಒಬ್ಬ ಮಂತ್ರಿ, ಎರಡು ಔಷಧಿ. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಹೋದ ಜೀವ ಬಂದಂತಾಯಿತು.

ಆದದ್ದು ಇಷ್ಟು. ಚಳಿಗಾಲದ ಕೊನೆಗೆ ನಾವು ಹೊಸ ಪತ್ರಿಕೆಗಳನ್ನು ಯಂತ್ರಕ್ಕೆ ಓದಿಸಿ ಎಲ್ಲ ಪದಗಳಿಗೂ ಹೊಸ ವಿಳಾಸ ಕೊಟ್ಟಿದ್ದೆವು. ಪ್ರಾಗಿನ ಪತ್ರಿಕೆಗಳಲ್ಲಿ ನಮ್ಮೂರ ಪದಗಳು ಎಲ್ಲಿಂದ ಬರಬೇಕು? ಹೊಸ ಕೋಶದಲ್ಲಿ ಶಲಿನಾ ಇರಲಿಲ್ಲ. ಯಾರೋ ಪುಣ್ಯಾತ್ಮರು ಹಳೆಯ ಕೋಶದಿಂದ ಅದರ ಸಾಲನ್ನು ಕಿತ್ತು ತಂದು ಹೊಸದರಲ್ಲಿ ಅಂಟಿಸಿದ್ದರು. ಪ್ರತಿ ಸಲ ಓದಿಸಿದಾಗಲೂ ಯಂತ್ರ ಬೇರೆಯೇ ಒಂದು ಊರು ಕಟ್ಟುತ್ತದೆ. ಈ ಊರಿನ ಮನೆ ನಂಬರು ಹಿಡಿದು ಆ ಊರಿನಲ್ಲಿ ಬಾಗಿಲು ತಟ್ಟಿದರೆ ಯಾರು ತೆರೆಯುತ್ತಾರೋ ದೇವರಿಗೇ ಗೊತ್ತು. ಪ್ರತಿ ಶರತ್ಕಾಲದಲ್ಲಿ ಮೊದಲ ವರ್ಷದವರಿಗೆ ನಾನು ಹೇಳುವ ಮೊದಲ ಪಾಠವೇ ಇದು. ಇದರಲ್ಲಿ ತಪ್ಪಿದವರನ್ನು ಪರೀಕ್ಷೆಯಲ್ಲಿ ಮುಲಾಜಿಲ್ಲದೆ ಕೆಡವಿದ್ದೇನೆ. ಪ್ರಯೋಗಾಲಯದಲ್ಲಿ ನನ್ನನ್ನು ಬಿಟ್ಟರೆ ಬ್ರನೋದವರು ಯಾರೂ ಇಲ್ಲ. ಆದ್ದರಿಂದ ಏಟು ಬಿದ್ದದ್ದು ನನ್ನ ಗೆರೆಗೆ ಮಾತ್ರ.

ಎಂಥ ಖುಷಿ ಅಂತೀರಿ. ಅದರ ಬೆನ್ನಿಗೇ ಎಂಥ ಸಿಟ್ಟು. ಇಷ್ಟು ವಾರ ನನ್ನನ್ನು ಬದುಕಿರುವಾಗಲೇ ಹೂತ ಆ ಕತ್ತೆ ಯಾರು? ಕೋಶಕ್ಕೆ ಕೈ ಹಾಕುವವನು ರಾದೊವಾನ್ ಒಬ್ಬನೇ. ಬಾಗಿಲು ತಟ್ಟದೆ ಅವನ ಕೋಣೆಗೆ ನುಗ್ಗಿದೆ.

"ಏಳು ಮೇಲಕ್ಕೆ" ಎಂದೆ. ಅವನು ಎದ್ದು ನಿಂತ. "ನಿನಗೆ ಡಾಕ್ಟರೇಟು ಕೊಟ್ಟೋಳು ನಾನೇ ತಾನೆ? ಅದನ್ನ ವಾಪಸ್ ಕಿತ್ಕೋಬೇಕು. ಹಳೇ ಕೋಶದ ಸಾಲನ್ನ ತಂದು ಹೊಸದಕ್ಕೆ ಅಂಟಿಸಿದೀಯಲ್ಲ, ಕತ್ತೆ. ಮೊದಲ ವರ್ಷದ ಹುಡುಗ ಮಾಡಲ್ಲ ಈ ಕೆಲಸಾನ. ಶಲಿನಾ ಪಕ್ಕದಲ್ಲಿ ಮೇಕೆ ಮೇಯ್ತಾ ಇದೆ, ಹೋಗಿ ನೋಡು."

ಅವನ ಮುಖ ಬಿಳುಚಿಕೊಂಡಿತು. ತಪ್ಪು ಸಿಕ್ಕಿಬಿದ್ದವನ ಮುಖ ಅಂದುಕೊಂಡೆ.

"ಗೊತ್ತಿದೆಯಾ ನಿನಗೆ, ನಾನು ಎಷ್ಟು ಹೆದರಿದ್ದೆ ಅಂತ? ಕೆಂಪು ಟೊಪ್ಪಿ ನಾನು ಕಣೋ. ನನಗೆ ಅಮ್ಮನ ಕಾಯಿಲೆ ಬಂತು ಅಂದ್ಕೊಂಡಿದ್ದೆ. ಓಲ್ದಾ ಮುಖ ನೋಡೋಕೆ ಆಗ್ತಿರಲಿಲ್ಲ. ಬಾಯಿ ಬಿಡು. ಯಾಕೆ ಹಾಗೆ ಮಾಡ್ದೆ?"

"ಕೂತ್ಕೊಳಿ, ಪ್ರೊಫೆಸರಮ್ಮ" ಎಂದ.

"ಕೂರಲ್ಲ. ಹೇಳು."

"ನಾನು ಮಾಡಿದ್ದಲ್ಲ."

"ಮತ್ತೆ ಯಾರು, ಪೆತ್ರೋವ್ ಚರ್ಚಿನ ಪಾದ್ರೀನಾ?"

ಅವನು ಬಾಗಿಲು ಮುಚ್ಚಿ ಬಂದು, ನನ್ನ ಕಡೆಗೆ ಕುರ್ಚಿ ಎಳೆದ. ಆ ಕುರ್ಚಿಯನ್ನು ಎಳೆದ ಬಗೆಯಲ್ಲೇ ಏನೋ ಇತ್ತು. ಅಮ್ಮನಿಗೆ ನಾನು ಕುರ್ಚಿ ಎಳೆಯುತ್ತಿದ್ದುದು ಹಾಗೆ.

"ನೀವೇ, ಪ್ರೊಫೆಸರಮ್ಮ" ಎಂದ. "ಏಪ್ರಿಲ್‌ನಲ್ಲಿ ಬಂದಿರಿ. ಬ್ರನೋದಲ್ಲಿ ಕೂತು ಕೆಲಸ ಮಾಡ್ತೀವಿ, ಬ್ರನೋದ ಒಂದು ಪದಾನೂ ಕೋಶದಲ್ಲಿಲ್ಲ, ನಾಚಿಕೆಗೇಡು ಅಂದಿರಿ. ಹಳೇ ಸಾಲುಗಳನ್ನೇ ಹಾಕು ಅಂದಿರಿ. ಹೊಂದಲ್ಲ ಅಂತ ಹೇಳ್ದೆ. ನೀವೇ ಕಲಿಸಿದ್ದು, ಎರಡು ಊರಿನ ವಿಳಾಸ ಬೆರೆಸಬಾರದು ಅಂತಾನೂ ಹೇಳ್ದೆ. ನನಗೇ ಪಾಠ ಹೇಳ್ತೀಯಾ ಅಂತ ರೇಗಿದಿರಿ. ಏನೋ ಹೊಸ ದಾರಿ ಕಂಡ್ಕೊಂಡಿರಬೇಕು ಅಂತ ಸುಮ್ಮನಾದೆ. ಆಮೇಲೆ ನೀವೇ ಕೂತು ಅಂಟಿಸಿದಿರಿ."

"ಸುಳ್ಳು."

ಅವನು ತಲೆ ತಗ್ಗಿಸಿದ. ಸುಳ್ಳು ಹೇಳುವವನು ಹಾಗೆ ತಲೆ ತಗ್ಗಿಸುವುದಿಲ್ಲ. ಇವನನ್ನು ಹದಿನೆಂಟರ ಹುಡುಗನಾಗಿದ್ದಾಗಿನಿಂದ ಬಲ್ಲೆ. ಏಪ್ರಿಲ್ ತಿಂಗಳನ್ನು ನೆನಪಿಸಿಕೊಳ್ಳಲು ನೋಡಿದೆ. ಈಸ್ಟರಿಗೆ ಕುರಿಮರಿಯ ಅಚ್ಚಿನ ಕೇಕು ಮಾಡಿದ್ದು ಬಂತು, ಓಲ್ದಾನಿಗೆ ಬೆನ್ನು ಹಿಡಿದದ್ದು ಬಂತು. ಈ ಕೋಣೆಯಲ್ಲಿ ಕೂತು ಪದ ಅಂಟಿಸಿದ್ದು ಎಷ್ಟು ತಡಕಿದರೂ ಕೈಗೆ ಸಿಗಲಿಲ್ಲ. ಸ್ವಲ್ಪ ಮಸುಕಾಗಿಯಾದರೂ ಇರಬೇಕಲ್ಲ. ಇರಲಿಲ್ಲ.

ಆಗ ಕೂತೆ.

"ಸರಿ. ಒಂದು ತಪ್ಪು" ಎಂದೆ. ದನಿ ಹತೋಟಿಯಲ್ಲಿತ್ತು. "ವಯಸ್ಸಾಯ್ತು, ಕೆಲಸ ಜಾಸ್ತಿ, ಒಂದು ತಪ್ಪಾಯ್ತು, ಮರೆತೂ ಹೋಯ್ತು. ಯಾರಿಗಾಗಲ್ಲ? ಆದರೆ ಕಂಡುಹಿಡಿದೋಳು ನಾನೇ ತಾನೆ. ತಲೆ ಕೆಟ್ಟೋಳು ಇದನ್ನ ಕಂಡುಹಿಡೀತಾಳಾ, ನೀನೇ ಹೇಳು. ಆ ಸಾಲುಗಳನ್ನ ತೆಗೆದುಹಾಕು. ಮುಗೀತು."

ಅವನು ಕಿಟಕಿಯ ಕಡೆ ನೋಡುತ್ತ ನಿಂತ. ಕೆಳಗೆ ಟ್ರಾಮೊಂದು ತಿರುವಿನಲ್ಲಿ ಕಿರುಗುಟ್ಟಿಕೊಂಡು ಹೋಯಿತು.

"ಯಾಕೆ ಸುಮ್ಮನೆ ನಿಂತಿದೀಯ?"

"ಹೋದ ತಿಂಗಳೂ ತೆಗೆದಿದ್ದೆ" ಎಂದ. "ನೀವು ಹೀಗೇ ಬಂದಿರಿ. ಶಲಿನಾ ಪಕ್ಕ ಮೇಕೆ ಇದೆ ಅಂದಿರಿ. ಡಾಕ್ಟರೇಟು ಕಿತ್ಕೋತೀನಿ ಅಂದಿರಿ. ನಿಮ್ಮೆದುರಿಗೇ ತೆಗೆದೆ. ನಾಲ್ಕು ದಿನ ಕಳೆದು ಬೆಳಿಗ್ಗೆ ಬಂದು, ಬ್ರನೋದ ಒಂದು ಪದಾನೂ ಕೋಶದಲ್ಲಿಲ್ಲ, ನಾಚಿಕೆಗೇಡು ಅಂದಿರಿ. ಮತ್ತೆ ಹಾಕಿದಿರಿ."

ಕೂಗಬೇಕೆನ್ನಿಸಿತು. ಕಾಲ ಕೆಳಗಿನ ನೆಲ ಇದ್ದಕ್ಕಿದ್ದಂತೆ ಇಲ್ಲವಾದರೆ ಮನುಷ್ಯ ಏನು ಹಿಡಿದುಕೊಳ್ಳುತ್ತಾನೆ? ನಾನು ಅವನ ತೋಳು ಹಿಡಿದುಕೊಂಡೆ.

"ಒಂದೇ ಸಲಾನಾ?"

"ಎರಡು ಸಲ. ಇದು ಮೂರನೇದು."

"ಯಾರಿಗೂ ಯಾಕೆ ಹೇಳಲಿಲ್ಲ ನೀನು? ನನಗೆ ಯಾಕೆ ಹೇಳಲಿಲ್ಲ?"

"ಹೇಳಿದೆ, ಪ್ರೊಫೆಸರಮ್ಮ. ಎರಡು ಸಲಾನೂ ಹೇಳಿದೆ." ಅವನು ನನ್ನ ಕೈಯ ಕಡೆ ನೋಡಿದ. "ಎರಡು ಸಲಾನೂ ಹೀಗೇ ನನ್ನ ತೋಳು ಹಿಡ್ಕೊಂಡು, ಯಾರಿಗೂ ಹೇಳಬೇಡ, ನಾನೇ ನಾಳೆ ಡಾಕ್ಟರ ಹತ್ತಿರ ಹೋಗ್ತೀನಿ, ಓಲ್ದಾಗೆ ನಾನೇ ಹೇಳ್ತೀನಿ ಅಂತ ಆಣೆ ಹಾಕಿಸ್ಕೊಂಡಿರಿ. ಬೆಳಗಾದ ಮೇಲೆ ನಗ್ತಾ ಬಂದು ಕಾಫಿ ಕೇಳಿದಿರಿ. ನಿಮ್ಮ ಮುಖ ನೋಡಿ ನನಗೆ ಬಾಯೇ ಬರಲಿಲ್ಲ."

ಯಾರಿಗೂ ಹೇಳಬೇಡ ಎಂಬ ಮಾತು ಆಗಲೇ ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು. ನಾನೇ ನಾಳೆ ಹೋಗುತ್ತೇನೆ ಎಂದು ಒಳಗೇ ಹೇಳಿಕೊಂಡಾಗಿತ್ತು. ಅದು ನಿಜವಾದ ನಿರ್ಧಾರವೆಂದೇ ನನಗೆ ಅನ್ನಿಸುತ್ತಿತ್ತು. ಹಿಂದಿನ ಎರಡು ಸಲವೂ ಹೀಗೇ ಅನ್ನಿಸಿರಬೇಕು. ನಾಳೆ ಎನ್ನುವುದು ನನ್ನ ಕೈಯಲ್ಲಿ ಉಳಿದಿರಲಿಲ್ಲ. ಈ ಹೊತ್ತು ಮಾತ್ರ ಇತ್ತು. ಅದೂ ಎಷ್ಟು ಹೊತ್ತು ಇರುತ್ತದೋ ತಿಳಿಯದು.

"ರಾದೊವಾನ್, ಓಲ್ದಾಗೆ ಫೋನ್ ಮಾಡು" ಎಂದೆ.

"ಈಗಲೇನಾ?"

"ಈಗಲೇ. ನನ್ನೆದುರಿಗೇ. ಇಲ್ಲಿಗೆ ಬಾ ಅನ್ನು, ಬಂದ ಮೇಲೆ ಎಲ್ಲಾ ನೀನೇ ಹೇಳು. ನಾನು ಬೇಡ ಅಂದರೂ ಕೇಳಬೇಡ. ಬೈದರೂ ಕೇಳಬೇಡ, ಅತ್ತರೂ ಕೇಳಬೇಡ."

ಅವನು ಫೋನು ತೆಗೆದುಕೊಂಡು ನನ್ನ ಮುಖವನ್ನೇ ನೋಡುತ್ತ ನಂಬರು ಒತ್ತಿದ. ಅತ್ತ ಕಡೆ ಗಂಟೆ ಹೊಡೆದುಕೊಳ್ಳುವುದು ನನಗೂ ಕೇಳಿಸುತ್ತಿತ್ತು. ಓಲ್ದಾ ಹಿತ್ತಲಿನಲ್ಲಿರಬೇಕು, ಕೈ ಒರೆಸಿಕೊಂಡು ಒಳಗೆ ಬರಲು ಅವನಿಗೆ ಹೊತ್ತು ಹಿಡಿಯುತ್ತದೆ. ಇಟ್ಟುಬಿಡು, ನಾನೇ ಸಂಜೆ ಹೇಳುತ್ತೇನೆ ಎನ್ನಬೇಕೆಂದು ಬಾಯಿ ತೆರೆದೆ. ತೆರೆದ ಬಾಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು, ಓಲ್ದಾ ಹಲೋ ಅನ್ನುವವರೆಗೆ ಹಾಗೇ ಕೂತಿದ್ದೆ.